ಬದುಕಿದ್ದವನಿಗೆ ಅಸ್ಕಾಲೆ ಅತ್ತದ್ದು

ಅಸ್ಕಾಲೆ ಹೆಂಚಿನ ಮೇಲೆ ಹಿಟ್ಟು ಹುಯ್ಯುತ್ತಿರುವಾಗ ನಮ್ಮ ಅಂಗಳದಲ್ಲಿ ಯಾರೂ ಅವಳನ್ನು ಮಾತನಾಡಿಸುತ್ತಿರಲಿಲ್ಲ. ಮಾತನಾಡಿಸಿದರೆ ಉತ್ತರವೇನೋ ಸಿಗುತ್ತಿತ್ತು, ಆದರೆ ಅದು ಕಿವಿಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಹುಳಿ ಬಂದ ಹಿಟ್ಟನ್ನು ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹುಯ್ದು, ಮುಚ್ಚಳ ಮುಚ್ಚಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಳೆಂದರೆ ಅವಳ ಲೋಕವೇ ಬೇರೆ. ನೀಲಗಿರಿ ಸೊಪ್ಪಿನ ಹೊಗೆ ಅವಳ ಕೂದಲಿಗೆ, ಬಟ್ಟೆಗೆ, ಅವಳು ಮುಟ್ಟಿದ ಲೋಟಕ್ಕೂ ಹತ್ತಿರುತ್ತಿತ್ತು. ಅಡಿಸ್ ಊರಿನ ಪಿಯಾಸಾ ಪೇಟೆಯ ಎಷ್ಟೋ ಹೋಟೆಲುಗಳಿಗೆ ಇಂಜೆರಾ, ಅಂದರೆ ನಮ್ಮ ದಿನದೂಟದ ಅಗಲ ದೋಸೆ, ಹೋಗುತ್ತಿದ್ದದ್ದು ಅವಳ ಒಲೆಯಿಂದ. ಅವಳ ಬೆರಳುಗಳ ತುದಿಯಲ್ಲಿ ಸುಟ್ಟ ಕಲೆಗಳು ಒಂದರ ಮೇಲೊಂದು ಕೂತು, ಬಿಸಿ ತಾಕಿದರೂ ಗೊತ್ತಾಗದ ಹಾಗೆ ಆಗಿದ್ದವು.

ನಮ್ಮ ಅಂಗಳ ಪಿಯಾಸಾದ ಕೆಳಗೆ, ದೊರೊ ಮನೆಕಿಯಾದ ಇಳಿಜಾರಿನಲ್ಲಿತ್ತು. ಎಲ್ಲರಿಗೂ ಒಂದೇ ನಲ್ಲಿ. ತಗಡಿನ ಮಾಡು, ಮಣ್ಣಿನ ಗೋಡೆ. ಒಂದು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಎಲ್ಲ ಮನೆಯವರೂ ಸೀನಬೇಕು. ಅಂಥ ಕಡೆ ಯಾರ ಮನಸ್ಸಿನಲ್ಲಿ ಏನಿದೆ ಎಂಬುದು ಮುಚ್ಚಿಡುವ ಸಂಗತಿಯಲ್ಲ. ಆದರೂ ಅಸ್ಕಾಲೆ ಮುಚ್ಚಿಟ್ಟಿದ್ದಳು.

ಅವಳ ಗಂಡ ಗಿರ್ಮಾಯ್ ಕಾಫಿ ಮಿಷನ್ ರಿಪೇರಿಯವನು. ಹುಟ್ಟಿದ್ದು ಅಸ್ಮರಾದಲ್ಲಿ. ಮೀಸೆ ಮೂಡುವ ಮೊದಲೇ ಅಡಿಸ್‌ಗೆ ಬಂದು, ಇಲ್ಲಿಯ ಅಂಗಡಿಗಳ ಆವಿ ಮಿಷನ್ನುಗಳ ಹೊಟ್ಟೆ ಬಗೆದು ಕೆಲಸ ಕಲಿತವನು. ಮಾತು ಕಡಿಮೆ. ಬೆಳಗ್ಗೆ ಅವನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ, ಕಪ್ ತೊಳೆಯುವ ಹೆಂಗಸರೂ ಎದ್ದು ದಾರಿ ಬಿಡುತ್ತಿದ್ದರು. ಇವರಿಗೆ ಮಕ್ಕಳಾಗಲಿಲ್ಲ. ಸಂಜೆಯ ಹೊತ್ತು ಇಬ್ಬರೂ ಬಾಗಿಲಲ್ಲಿ ಕೂತು, ಅವಳು ಇಂಜೆರಾ ಹಿಟ್ಟಿನ ತೆಫ್ ಕಾಳು ಹಸನು ಮಾಡುತ್ತಾ, ಅವನು ಯಾವುದೋ ಹಿತ್ತಾಳೆ ತುಂಡು ಉಜ್ಜುತ್ತಾ ಇರುತ್ತಿದ್ದರು.

ಅಸ್ಮರಾದ ಕಡೆಯವರಿಗೂ ನಮ್ಮ ಕಡೆಯವರಿಗೂ ಯುದ್ಧ ಹತ್ತಿಕೊಂಡ ವರ್ಷ, ಆ ಕಡೆ ಹುಟ್ಟಿದವರನ್ನು ಬಸ್ಸು ಹತ್ತಿಸಿ ಗಡಿ ದಾಟಿಸಿದರು. ಗಿರ್ಮಾಯ್‌ನನ್ನು ಕರೆದೊಯ್ಯಲು ಬಂದಾಗ ಅಸ್ಕಾಲೆ ಮನೆಯಲ್ಲಿರಲಿಲ್ಲ. ಇಂಜೆರಾ ಬುಟ್ಟಿ ಹೊತ್ತು ಹೋಟೆಲಿಗೆ ಹೋಗಿದ್ದಳು. ಬರುವಷ್ಟರಲ್ಲಿ ಮನೆ ಖಾಲಿ. ನಲ್ಲಿಯ ಹತ್ತಿರ ನಾವೆಲ್ಲ ಮುಖ ಕೆಳಗೆ ಹಾಕಿ ನಿಂತಿದ್ದೆವು. ಮುಲುವರ್ಕ್ ಅಂತ ನಮ್ಮ ನೆರೆಯವಳು, ಮನೆಯಲ್ಲೇ ತೆಲ್ಲ ಎಂಬ ಹೆಂಡ ಬಸಿದು ಮಾರುತ್ತಿದ್ದವಳು, ಅವಳ ಕೈ ಹಿಡಿದುಕೊಂಡಳು.

“ಅಯ್ಯೋ ಅಸ್ಕಾಲೆ, ಒಂದ್ ಮಾತೂ ಆಡಕ್ಕಾಗ್ಲಿಲ್ವಲ್ಲೇ ನಿಂಗೆ!”

“ಆಡೋಕೇನಿತ್ತು? ಆ ಮನುಷ್ಯ ಹೋದ. ಇನ್ಮೇಲೆ ಮನೇಲಿ ಕಾಫಿ ಬೀಜ ಉಳೀತದೆ. ಬಕೆಟ್ ಸರಿಸು, ನೀರು ಸುಮ್ನೆ ಹೋಗ್ತಿದೆ.”

ಅವಳಿಗೆ ಯಾರಾದರೂ ಮರುಕಪಟ್ಟರೆ ಸಹಿಸುತ್ತಿರಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಗಿರ್ಮಾಯ್ ಎಂಬ ಹೆಸರೇ ಬರಲಿಲ್ಲ. ಬಂದರೆ ‘ಆ ಮನುಷ್ಯ’. ಮೊದಮೊದಲು ಅವಳದು ಕಲ್ಲು ಮನಸ್ಸು ಎಂದೆವು. ಆಮೇಲೆ ಮರೆತಿರಬೇಕು ಎಂದೆವು. ಅಸ್ಮರಾಕ್ಕೆ ಫೋನು ಹೋಗುತ್ತಿರಲಿಲ್ಲ, ಅಂಚೆ ಹೋಗುತ್ತಿರಲಿಲ್ಲ, ರಸ್ತೆಗೆ ಅಡ್ಡ ಸೈನ್ಯ ಕೂತಿತ್ತು. ಎರಡು ಮೂರು ಹಗಲಿನ ಬಸ್ ಪ್ರಯಾಣದ ಊರು ಚಂದ್ರನಷ್ಟು ದೂರವಾಯಿತು. ಹೀಗೆ ಒಂಬತ್ತು ಮಳೆಗಾಲ ಕಳೆದವು. ಅವನು ಇದ್ದಾನೋ ಸತ್ತಿದ್ದಾನೋ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೇರೆಯವರದಕ್ಕಿಂತ ಏಳು ವರ್ಷ ಹಿಂದಿರುವ ನಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇಸವಿ ಹುಟ್ಟುವ ಹೊತ್ತು ಬಂತು. ಊರಿಗೆ ಊರೇ ಸುಣ್ಣ ಬಣ್ಣ ಹೊಡೆಸಿಕೊಂಡಿತು. ಹೊರದೇಶಗಳಿಂದ ನಮ್ಮವರೆಲ್ಲ ಬಂದಿಳಿದು ಲಾಡ್ಜುಗಳಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಮಗಳು ಸೆಬ್ಲೆ ಪಿಯಾಸಾದ ಒಂದು ಸಣ್ಣ ಲಾಡ್ಜಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಮಳೆಯಲ್ಲಿ ತೊಯ್ದು ತೊಪ್ಪೆಯಾದ ಒಬ್ಬ ಬಿಳಿ ಹುಡುಗಿಯನ್ನು ಕರೆದುಕೊಂಡು ಬಂದಳು. ಹುಡುಗಿ ಕಡ್ಡಿಯ ಹಾಗಿದ್ದಳು. ಬೆನ್ನ ಮೇಲಿನ ಚೀಲ ಮಾತ್ರ ಇನ್ನೊಬ್ಬ ಮನುಷ್ಯನನ್ನು ಕೂಸುಮರಿ ಮಾಡಿಕೊಂಡ ಹಾಗಿತ್ತು.

“ಅಮ್ಮಾ, ಎಲ್ಲೂ ರೂಮಿಲ್ಲ ಪಾಪ ಇವಳಿಗೆ. ಎತಿಯೆ ಅಸ್ಕಾಲೆ ಮನೇಲಿ ಒಂದು ಮಂಚ ಖಾಲಿ ಇದೆಯಲ್ಲ?”

ಎತಿಯೆ ಎಂದರೆ ನಮ್ಮಲ್ಲಿ ಅಕ್ಕ. ಅಸ್ಕಾಲೆ ಹೆಂಚಿನ ಮುಂದಿನಿಂದ ಏಳದೆಯೇ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಯಾವ ದೇಶದವಳಂತೆ?”

“ಲಾಟ್ವಿಯಾ.”

“ಹಾಗೊಂದು ದೇಶ ಇದೆಯಾ, ಇಲ್ಲಾ ಈಗ ಹುಟ್ಟಿಸ್ಕೊಂಡು ಬಂದ್ಳಾ?”

“ಇದೆಯಂತೆ ಎತಿಯೆ. ತುಂಬಾ ಚಳಿಯಂತೆ.”

“ಚಳಿ ದೇಶದೋಳು ಹೀಗೆ ನಡುಗ್ತಾಳಾ? ಮೊದ್ಲು ಒಲೆ ಹತ್ರ ಕೂರ್ಸು. ಆ ಚೀಲ ಹೊರಗಿರ್ಲಿ. ಅದು ಒಳಗ್ ಬಂದ್ರೆ ನಾನು ಹೊರಗ್ ಹೋಗ್ಬೇಕಾಗ್ತದೆ.”

ಹುಡುಗಿಯ ಹೆಸರು ಇಲ್ಜ. ಹಗಲೆಲ್ಲ ಊರು ಸುತ್ತುತ್ತಿದ್ದಳು. ಬಸ್ಸಿಗೂ ಹತ್ತುತ್ತಿರಲಿಲ್ಲ, ನಡಿಗೆಯೇ. ಮೆರ್ಕಾಟೊ ಸಂತೆಯಲ್ಲಿ ದಾರಿ ತಪ್ಪಿ, ಕೆಸರು ಮೆತ್ತಿಕೊಂಡು, ಯಾರೋ ಕೊಟ್ಟ ಹುರಿದ ಜೋಳದ ತೆನೆ ಕಡಿಯುತ್ತಾ ಸಂಜೆಗೆ ಬರುತ್ತಿದ್ದಳು. ಅಸ್ಕಾಲೆ ಬೈಯುತ್ತಾ ಅವಳ ಕಾಲುಚೀಲ ಒಗೆಯುತ್ತಿದ್ದಳು. ಉಣ್ಣುವಾಗ ಹುಡುಗಿ ಖಾರಕ್ಕೆ ಕಣ್ಣೀರು ಸುರಿಸಿದರೂ ಬಿಡದೆ ಇಂಜೆರಾದಲ್ಲಿ ತುತ್ತು ಸುತ್ತಿ ಬಾಯಿಗೇ ಇಡುತ್ತಿದ್ದಳು. ಒಂದು ದಿನ ಸೆಬ್ಲೆಯ ಬಾಯಿಂದ ಕೇಳಿಸಿದಳು.

“ಇಲ್ಲಿಂದ ಎಲ್ಲಿಗೆ ಹೋಗ್ತಾಳಂತೆ ಇವಳು?”

“ಕೆಳಗೆ ಕೀನ್ಯಾ. ಆಮೇಲೆ ಹಾಗೇ ಇಳೀತಾ ಇಳೀತಾ, ನೆಲ ಮುಗಿದು ಸಮುದ್ರ ಸಿಗೋ ತನಕ.”

“ಅಲ್ಲಿ ಯಾರಿದಾರೆ?”

“ಯಾರೂ ಇಲ್ವಂತೆ.”

“ಯಾರೂ ಇಲ್ದೆ ಇರೋ ಊರಿಗೆ ಯಾಕೆ ಹೋಗೋದು?” ಎಂದು ಕೇಳಿ, ಹುಡುಗಿ ಏನು ಹೇಳುತ್ತಾಳೆಂದು ನಿಜವಾಗಿ ಕಾದಳು. ಹುಡುಗಿ ಭುಜ ಹಾರಿಸಿ ನಕ್ಕಳು.

ಮಳೆಗಾಲದ ಕೊನೆಗೆ ಬರುವ ನಮ್ಮ ಹೊಸ ವರ್ಷದ ಮಾರನೆಯ ದಿನ ಅಸ್ಕಾಲೆಯ ಬಾಗಿಲಲ್ಲಿ ಎಲ್ಲರೂ ನಮ್ಮ ರೂಢಿಯ ಮೂರು ಸುತ್ತಿನ ಕಾಫಿಗೆ ಕೂತಿದ್ದೆವು. ಅಂಗಳದ ಹಿರಿಯರು, ನಾವು ಗೌರವಕ್ಕೆ ಗಾಶೆ ಎನ್ನುವ ವೊಂದಫ್ರಾಷ್ ಕೂಡ ಬಂದಿದ್ದರು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ನಮ್ಮ ಕೇರಿಯ ಇದ್ದಿರ್ ಸಂಘದ ಯಜಮಾನರು. ಯಾರ ಮನೆಯಲ್ಲಿ ಸಾವಾದರೂ ಡೇರೆ, ಬೆಂಚು, ಪಾತ್ರೆ, ಹೆಗಲು ಕೊಡುವ ಗಂಡಸರು ಎಲ್ಲವನ್ನೂ ಹೊಂದಿಸುವುದು ಆ ಸಂಘ. ನನ್ನ ಗಂಡ ಬದುಕಿದ್ದಷ್ಟು ದಿನ ಅದರ ಕೊಂಬು ಊದಿ ಸಾವಿನ ಸುದ್ದಿ ಸಾರುತ್ತಿದ್ದವನು.

ಇಲ್ಜ ತನ್ನ ಪುಟ್ಟ ಕ್ಯಾಮರಾದಲ್ಲಿ ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು. ಗೊಂದರ್ ಕೋಟೆ, ಸುಡಾನಿನ ಮರಳು, ಒಂಟೆ. ಅದಕ್ಕೂ ಹಿಂದಕ್ಕೆ ಹೋದಾಗ ಅಗಲ ಬೀದಿ, ತಾಳೆ ಮರಗಳ ಸಾಲು, ಸೈಕಲ್ ಮೇಲೆ ಮುದುಕರು.

“ಇದ್ಯಾವೂರು?” ಎಂದು ಮುಲುವರ್ಕ್ ಕೇಳಿದಳು.

ಸೆಬ್ಲೆ ಕೇಳಿ ತಿಳಿದು, ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಅಸ್ಮರಾ” ಎಂದಳು.

ನಾವು ಹೋಗಲಾರದ ಊರಿಗೆ ಈ ಹುಡುಗಿ ಹೋಗಿ, ಕಾಫಿ ಕುಡಿದು, ಅಲ್ಲಿಂದ ವಿಮಾನದಲ್ಲಿ ಸುಡಾನಿಗೆ ಹಾರಿ, ಬಸ್ಸು ಹಿಡಿದು ನಮ್ಮ ಅಂಗಳಕ್ಕೇ ಬಂದು ಕೂತಿದ್ದಳು. ಅವಳ ಪಾಸ್‌ಪೋರ್ಟಿಗೆ ಯಾರ ಮೇಲೂ ಹಗೆಯಿರಲಿಲ್ಲ. ನಮಗೆ ಕೇಳಬೇಕಾದದ್ದು ಬೇಕಾದಷ್ಟಿತ್ತು. ಎಲ್ಲರೂ ಅಸ್ಕಾಲೆಯ ಕಡೆಗೆ ಓರೆಗಣ್ಣಲ್ಲಿ ನೋಡಿದೆವು. ಅವಳು ಬೀಜ ಹುರಿಯುವ ಬಾಣಲೆ ಕುಲುಕುತ್ತಲೇ ಇದ್ದಳು.

“ಕೇಳು ಸೆಬ್ಲೆ,” ಎಂದಳು ಕೊನೆಗೆ. “ಅಲ್ಲಿ ಅಂಗಡಿಗಳಲ್ಲಿ ಕಾಫಿ ಮಿಷನ್ನುಗಳು ಸರಿಯಾಗಿ ಕೆಲ್ಸ ಮಾಡ್ತವಂತಾ?”

ಸೆಬ್ಲೆ ಕೇಳಿದಳು. ಇಲ್ಜ ಕಣ್ಣರಳಿಸಿ ಏನೇನೋ ಹೇಳಿದಳು.

“ತುಂಬಾ ಹಳೇ ಮಿಷನ್‌ಗಳಂತೆ ಎತಿಯೆ. ಆದ್ರೂ ಕನ್ನಡಿ ಹಾಗೆ ಹೊಳೀತಾವಂತೆ. ಅಂಥ ಕಾಫಿ ದಾರೀಲಿ ಇನ್ನೆಲ್ಲೂ ಸಿಗ್ಲಿಲ್ವಂತೆ.”

“ಹಾಗಾದ್ರೆ ಯಾರೋ ನೋಡ್ಕೋತಿದಾರೆ,” ಎಂದು ಅಸ್ಕಾಲೆ ಬಾಣಲೆ ಇಳಿಸಿ, ಹೊಗೆಯಾಡುವ ಬೀಜವನ್ನು ಎಲ್ಲರ ಮೂಗಿನ ಹತ್ತಿರ ಒಯ್ದು ತೋರಿಸಿದಳು.

ಮನೆಗೆ ಹೋಗುವಾಗ ಗಾಶೆ ವೊಂದಫ್ರಾಷ್ ಕೊಡೆಯೂರಿ ನಿಂತು ನನ್ನನ್ನು ಕರೆದರು.

“ಬಾಯುಷ್, ಕೇಳಿಸ್ಕೊಂಡ್ಯಾ? ಗಂಡನ್ನ ಕೇಳಕ್ಕಾಗ್ದೆ ಮಿಷನ್ನನ್ನ ಕೇಳಿದ್ಳು.”

“ಕೇಳಿಸ್ತು ಗಾಶೆ.”

“ನಾವು ಸುಮ್ನಿರೋದು ಸರಿಯಲ್ಲ ಕಣಮ್ಮ.”

ಇಲ್ಜ ಅಸ್ಮರಾದಲ್ಲಿ ಉಳಿದಿದ್ದ ಲಾಡ್ಜಿನ ಒಡತಿ ಲೆತೆಬ್ರಹಾನ್ ಎಂಬುವಳಿಗೂ ಇವಳಿಗೂ ಕಂಪ್ಯೂಟರಿನಲ್ಲಿ ಓಲೆ ನಡೆಯುತ್ತಿತ್ತು. ಸೆಬ್ಲೆ, ಇಲ್ಜ ಇಬ್ಬರೂ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಅವಳಿಗೆ ಬರೆದರು: ಅಡಿಸ್‌ನಿಂದ ಬಂದ ಗಿರ್ಮಾಯ್, ಕಾಫಿ ಮಿಷನ್ನಿನವನು, ಇದ್ದಾನೆಯೇ ನೋಡಿ ಹೇಳು. ಅಸ್ಕಾಲೆಗೆ ತಿಳಿಸಲಿಲ್ಲ. ಇಲ್ಲವೆಂದು ಉತ್ತರ ಬಂದರೆ?

ಗುಟ್ಟು ಇಟ್ಟುಕೊಳ್ಳುವುದು ನಮ್ಮ ಅಂಗಳದವರಿಗೆ ಬಾರದ ವಿದ್ಯೆ. ನಲ್ಲಿಯ ಹತ್ತಿರ ಅಸ್ಕಾಲೆ ಬಂದರೆ ಮಾತು ನಿಲ್ಲುತ್ತಿತ್ತು. ಜನ್ಮದಲ್ಲಿ ಯಾರಿಗೂ ಏನೂ ಬಿಟ್ಟಿ ಕೊಡದ ಮುಲುವರ್ಕ್ ಅವಳ ಮನೆಗೆ ಒಂದು ಹೂಜಿ ತೆಲ್ಲ ಕಳಿಸಿದಳು. ನಾನು ಅವಳ ಕೊಡಕ್ಕೆ ನೀರು ತುಂಬಿಸಿ ಹೊತ್ತುಕೊಟ್ಟೆ. ಗಾಶೆ ಸಿಕ್ಕಾಗಲೆಲ್ಲ ಅವಳ ಕೈ ಹಿಡಿದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಇರುತ್ತಿದ್ದರು. ಅಸ್ಕಾಲೆ ಏನೂ ಕೇಳಲಿಲ್ಲ. ದಿನಕ್ಕಿಂತ ಹೆಚ್ಚು ಇಂಜೆರಾ ಸುಟ್ಟಳು.

ಇಲ್ಜ ಹೊರಡುವ ಹಿಂದಿನ ದಿನ ಸಂಜೆ ಸೆಬ್ಲೆ ಏದುಸಿರು ಬಿಡುತ್ತಾ ಬಂದಳು. ಗಾಶೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಉತ್ತರ ಬಂದಿತ್ತು. ಗಿರ್ಮಾಯ್‌ನನ್ನು ಹುಡುಕುವುದು ಕಷ್ಟವಾಗಲಿಲ್ಲವೆಂದೂ, ಊರಿನ ಅರ್ಧ ಮಿಷನ್ನುಗಳು ಅವನ ಕೈಯಲ್ಲೇ ಇವೆಯೆಂದೂ ಲೆತೆಬ್ರಹಾನ್ ಬರೆದಿದ್ದಳು. ಅಸ್ಕಾಲೆಯ ಹೆಸರು ಹೇಳಿದ ಕೂಡಲೇ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ‘ಬದುಕಿದ್ದಾಳಾ?’ ಎಂದನಂತೆ.

“ಮದ್ವೆ ಗಿದ್ವೆ ಏನಾದ್ರೂ…?” ಎಂದಳು ಮುಲುವರ್ಕ್.

“ಅದನ್ನ ನಾವು ಕೇಳಿಲ್ಲ, ಕೇಳೋದೂ ಇಲ್ಲ,” ಎಂದರು ಗಾಶೆ.

“ಸರಿ ಬಿಡಿ, ಈಗ್ಲೇ ಓಡ್ಹೋಗಿ ಅಸ್ಕಾಲೆಗೆ ಹೇಳ್ತೀನಿ.”

“ಕೂತ್ಕೋ! ಸಂಜೆ ಹೊತ್ತಲ್ಲಿ ಹೇಳೋ ಸುದ್ದಿಯಾ ಇದು? ಈಗ ಹೇಳಿದ್ರೆ ರಾತ್ರಿಯೆಲ್ಲ ಒಬ್ಳೇ ಕೂತು ಒದ್ದಾಡ್ತಾಳೆ. ಎದೆ ಒಡೆದ್ರೆ? ಬೆಳಗಿನ ಜಾವ ಹೋಗ್ಬೇಕು. ಹತ್ತಿರದೋರೆಲ್ಲ ಇರ್ಬೇಕು. ಬಿದ್ರೆ ಹಿಡಿಯೋಕೆ ಜನ ಬೇಕು. ಹುಡುಗಿ ಬಸ್ಸು ಹತ್ತೋಕ್ಮುಂಚೆ ಇವಳದೊಂದು ಮಾತು ಹೇಳಿ ಕಳಿಸ್ಬಹುದು.”

“ಹಾಗಾದ್ರೆ ಬಾಯುಷ್ ಮನೆ ಕೊಂಬನ್ನೂ ಊದ್ಸಿಬಿಡಿ,” ಎಂದು ಮುಲುವರ್ಕ್ ಮೂತಿ ತಿರುವಿದಳು. ಕೊಂಬು ಮಾತ್ರ ಕೊಡುವುದಿಲ್ಲ ಎಂದೆ ನಾನು. ಉಳಿದದ್ದಕ್ಕೆಲ್ಲ ತಲೆಯಾಡಿಸಿದೆವು. ಎಲ್ಲರಿಗೂ ಅದು ಸರಿಯೆಂದೇ ಕಂಡಿತು. ದೊಡ್ಡ ಸುದ್ದಿಯನ್ನು ಹೇಳಲು ನಮಗೆ ಗೊತ್ತಿದ್ದದ್ದು ಒಂದೇ ರೀತಿ.

ಆ ರೀತಿ ಏನೆಂದರೆ ಮೆರ್ದೊ. ದೂರದಲ್ಲಿ ಸತ್ತವರ ಸುದ್ದಿಯನ್ನು ನಮ್ಮಲ್ಲಿ ಹಾಗೇ ಬಾಯಿಬಿಟ್ಟು ಹೇಳಿಬಿಡುವುದಿಲ್ಲ. ಊರಿಗೆಲ್ಲ ಗೊತ್ತಿದ್ದರೂ ಆ ಮನೆಯವರ ಎದುರು ಏನೂ ಆಗಿಲ್ಲವೆಂಬಂತೆ ಇರುತ್ತೇವೆ. ಆಮೇಲೆ ಒಂದು ದಿನ ಗೊತ್ತುಮಾಡಿ, ಬೆಳಕು ಹರಿಯುವ ಮೊದಲು, ನೆತೆಲ ಎಂಬ ಬಿಳಿ ಶಾಲು ಹೊದ್ದು, ಸಂಘದ ಯಜಮಾನರನ್ನು ಮುಂದಿಟ್ಟುಕೊಂಡು ಹೋಗಿ ಬಾಗಿಲು ತಟ್ಟುತ್ತೇವೆ. ತೆಗೆದವರು ನಮ್ಮನ್ನು ಕಂಡರೆ ಸಾಕು, ಹೇಳಬೇಕಾದ್ದೇ ಇರುವುದಿಲ್ಲ.

ಮಳೆಗಾಲ ಮುಗಿದು ಆಕಾಶ ತಿಳಿಯಾಗಿತ್ತು. ಚಳಿ. ಚಳಿಗೆಂದೇ ಎಲ್ಲರೂ ನೆತೆಲವನ್ನು ಮುಖದವರೆಗೂ ಎಳೆದುಕೊಂಡಿದ್ದೆವು. ಇಲ್ಜಳ ದಾರಿಗೆಂದು ನಾನು ಹುರಿದ ಜವೆಗೋಧಿ ಕಾಳು ಕಟ್ಟಿಕೊಂಡಿದ್ದೆ, ಮುಲುವರ್ಕ್ ಒಂದು ದಪ್ಪ ರೊಟ್ಟಿ ತಂದಿದ್ದಳು. ಅವು ನೆತೆಲದೊಳಗಿದ್ದವು. ಗಾಶೆ ತಮ್ಮ ಕಪ್ಪು ಕೋಟಿನಲ್ಲಿ ಮುಂದೆ ನಿಂತು ಬಾಗಿಲು ತಟ್ಟಿದರು.

ಅಸ್ಕಾಲೆ ಎದ್ದೇ ಇದ್ದಳು. ಬಾಗಿಲು ತೆಗೆದು ಗಾಶೆಯನ್ನು ನೋಡಿದಳು. ಅವರ ಹಿಂದೆ ಬಿಳಿಯ ಸಾಲು ನೋಡಿದಳು. ಎಷ್ಟೋ ವರ್ಷಗಳಿಂದ ಎಷ್ಟೋ ಬಾಗಿಲುಗಳಲ್ಲಿ ಹೇಳಿ ಹೇಳಿ ರೂಢಿಯಾದ ಮಾತೇ ಗಾಶೆಯ ಬಾಯಿಂದ ಬಂದುಬಿಟ್ಟಿತು.

“ಮಗಳೇ, ಗಟ್ಟಿಯಾಗ್ಬೇಕು.”

ಆಗ ಅಸ್ಕಾಲೆ ಅತ್ತಳು. ಅದನ್ನು ಅಳು ಎಂದರೆ ಕಡಿಮೆಯಾಯಿತು. ಹೊಸ್ತಿಲಿಂದ ಒಂದೇ ಸಲಕ್ಕೆ ಅಂಗಳಕ್ಕೆ ಬಂದು ಬಿದ್ದಳು, ಎದ್ದಳು, ಎದೆ ಬಡಿದುಕೊಂಡಳು. “ಗಿರ್ಮಾಯೇ!” ಎಂದು ಅವಳು ಕೂಗಿದಾಗ ತಗಡಿನ ಮೇಲಿನ ಪಾರಿವಾಳಗಳು ಹಾರಿದವು. ಒಂಬತ್ತು ವರ್ಷಕ್ಕೆ ಮೊದಲ ಸಲ ಆ ಹೆಸರು.

“ಗಿರ್ಮಾಯೇ! ಊರಿಗೆಲ್ಲ ಬೆಳಗಿನ ಕಾಫಿ ಕುಡಿಸಿದವನೇ, ಮನೆ ಕಾಫಿಗೆ ಮೂರನೇ ಸುತ್ತಿನ ತನಕ ಕಾದು ಕೂರ್ತಿದ್ದವನೇ! ನಿನ್ನ ಬೆರಳಿನ ಸುಟ್ಟ ಕಲೆಗೆ ನನ್ನ ಬೆರಳಿನ ಸುಟ್ಟ ಕಲೆ ಜೋಡಿಸಿ ನಗ್ತಿದ್ದವನೇ! ಬುಟ್ಟಿ ಹೊತ್ತು ಹೋಗೋವಾಗ ಹಿಂದೆ ತಿರುಗಿ ನೋಡ್ಲಿಲ್ಲ ನಾನು, ತಿರುಗಿ ನೋಡ್ಲಿಲ್ಲ! ನಿನ್ನ ಕೋಟು ಮೊಳೇಲೇ ನೇತಾಡ್ತಿದೆ, ಚಳಿಗೆ ಏನು ಹೊದ್ಕೊಂಡೆ? ಮಗು ಇಲ್ಲ ಅಂತ ನಾನು ಅತ್ರೆ, ನಾನೇ ನಿನಗೆ ಮಗು ಅಂದವನೇ! ಹೆಸರು ಹಿಡಿದು ಕರೆಯೋಕೆ ಹೆದರಿ ಆ ಮನುಷ್ಯ ಅಂದೆನಲ್ಲಾ! ನಿನ್ನ ಮೈ ತೊಳೆದವರ್ಯಾರು? ನಿನ್ನ ಮಣ್ಣಿಗೆ ಬಂದವರ್ಯಾರು? ನಿಂಗೆ ಅತ್ತವರ್ಯಾರು?”

“ಬದುಕಿದಾನೆ ಮಗಳೇ, ಬದುಕಿದಾನೆ!” ಎಂದು ಗಾಶೆ ಕೂಗುತ್ತಿದ್ದರು. ಯಾರಿಗೆ ಕೇಳಬೇಕು? ಅವಳ ಅಳು ಕೇಳಿ ನಮ್ಮ ಹೆಂಗಸರಿಗೆ ತಡೆಯಲಾಗಲಿಲ್ಲ. ನಾನೂ ಅತ್ತೆ. ಅವನು ಬದುಕಿದ್ದಾನೆಂದು ಚೆನ್ನಾಗಿ ಗೊತ್ತಿದ್ದ ಮುಲುವರ್ಕ್ ಕೈಲಿದ್ದ ರೊಟ್ಟಿಯನ್ನು ಬಿಟ್ಟು ಎದೆ ಬಡಿದುಕೊಂಡಳು. ಪಕ್ಕದ ಅಂಗಳದವರು ಸದ್ದು ಕೇಳಿ, ಏನು ಎತ್ತ ಎಂದು ಕೇಳದೆಯೇ ಸಂಘದ ಡೇರೆಯ ಗಳಗಳನ್ನು ಹೊತ್ತು ತಂದರು.

ಆ ಗದ್ದಲದೊಳಗೆ ರೂಢಿಯಿಲ್ಲದವಳು ಇಲ್ಜ ಒಬ್ಬಳೇ. ಬೆನ್ನ ಮೇಲೆ ಚೀಲ ಏರಿಸಿಕೊಂಡು ಒಳಗಿನಿಂದ ಬಂದವಳು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಳು. ಹೇಗೋ ನುಸುಳಿ, ಹೆಂಗಸರನ್ನು ತಳ್ಳಿಕೊಂಡು ಬಂದು, ಅಸ್ಕಾಲೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದಳು. ನಮ್ಮ ಭಾಷೆಯಲ್ಲಿ ಅವಳು ಸಂತೆಯಲ್ಲಿ ಕಲಿತಿದ್ದು ಕೆಲವೇ ಮಾತು.

“ಗಿರ್ಮಾಯ್ ಇದಾನೆ,” ಎಂದಳು. “ಅಸ್ಮರಾ. ಇದಾನೆ. ಇದಾನೆ.”

ಅಸ್ಕಾಲೆ ಅವಳ ಮುಖವನ್ನೇ ನೋಡಿದಳು. ಅಳು ನಿಂತಿತು. ಆಮೇಲೆ ಗಾಶೆಯ ಕಡೆಗೆ ತಿರುಗಿದಳು.

“ಗಾಶೆ, ಹೌದಾ?”

“ಹೌದು ಮಗಳೇ. ಅದನ್ನೇ ಹೇಳೋಕೆ ಬಂದ್ವಿ.”

“ಬದುಕಿರೋ ಸುದ್ದೀನ ಹೀಗಾ ಹೇಳೋಕೆ ಬರೋದು? ಗಟ್ಟಿಯಾಗು ಅಂದ್ರಲ್ಲ!”

“ನಂಗೆ ಬೇರೆ ಹೇಗೆ ಹೇಳೋದು ಅಂತ ಗೊತ್ತಿಲ್ಲಮ್ಮ,” ಎಂದು ಆ ಮುದುಕ ಮಕ್ಕಳ ಹಾಗೆ ಅತ್ತರು.

“ಹೊತ್ಕೊಂಡು ಹೋಗ್ರೋ ಆ ಗಳಾನ!” ಎಂದು ಮುಲುವರ್ಕ್ ಪಕ್ಕದ ಅಂಗಳದವರ ಮೇಲೆ ಹರಿಹಾಯ್ದಳು. “ಯಾರೂ ಸತ್ತಿಲ್ಲ ಇಲ್ಲಿ. ಜನಕ್ಕೆ ಬೆಳಗಾಗೋ ಹಾಗಿಲ್ಲ, ಬಂದ್ಬಿಡ್ತಾರೆ!”

ಬಸ್ಸಿಗೆ ಹೊತ್ತಾಗಿತ್ತು. ಸೆಬ್ಲೆ ಅವಸರದಲ್ಲಿ ಎಲ್ಲವನ್ನೂ ಹೇಳಿದಳು. ಮಿಷನ್ನುಗಳು, ಕೆಳಗಿಟ್ಟ ಸ್ಪ್ಯಾನರ್, ‘ಬದುಕಿದ್ದಾಳಾ’ ಎಂದು ಅವನು ಕೇಳಿದ್ದು. ಏನಾದರೂ ಹೇಳುವುದಿದ್ದರೆ ಈಗಲೇ ಹೇಳು, ಇಲ್ಜ ದಾರಿಯಲ್ಲಿ ಮೊದಲ ಊರು ಸಿಕ್ಕಿದ ಕೂಡಲೇ ಬರೆಯುತ್ತಾಳೆ ಎಂದಳು. ಅಸ್ಕಾಲೆ ಮಣ್ಣಾದ ನೆತೆಲವನ್ನು ಒದರಿ ಹೆಗಲ ಮೇಲೆ ಹಾಕಿಕೊಂಡಳು.

“ಬದುಕಿದೀನಿ ಅಂತ ಹೇಳು,” ಎಂದಳು. “ಅವನಿಗೋಸ್ಕರ ಅತ್ತಾಯ್ತು ಅಂತ್ಲೂ ಹೇಳು. ಕೇರಿ ಎಲ್ಲಾ ಸೇರಿತ್ತು, ಸಂಘದ ಯಜಮಾನ್ರು ಇದ್ರು, ಡೇರೆ ಗಳಾನೂ ಬಂದಿತ್ತು. ನಾಳೆ ಅಲ್ಲಿ ಏನಾದ್ರೂ ಆದ್ರೆ, ನಂಗೆ ಅಳೋರು ಯಾರೂ ಇರ್ಲಿಲ್ಲ ಅಂತ ಅವನು ಅಂದ್ಕೋಬಾರ್ದು. ಅದೊಂದು ಮುಗಿದಿದೆ. ಚಿಂತೆ ಬೇಡ ಅನ್ನು.”

ಸೆಬ್ಲೆ ಅದನ್ನು ಹುಡುಗಿಗೆ ತಿಳಿಯುವ ಭಾಷೆಗೆ ತಿರುಗಿಸುವಾಗ ಎರಡು ಸಲ ತಡವರಿಸಿದಳು. ಇಲ್ಜ ಅಸ್ಕಾಲೆಯನ್ನು ಅಪ್ಪಿಕೊಂಡಳು, ನಾವು ಕಟ್ಟಿದ ಕಾಳನ್ನು, ಮಣ್ಣು ಕೊಡವಿದ ರೊಟ್ಟಿಯನ್ನು ತೆಗೆದುಕೊಂಡು ಹೋದಳು. ಇಳಿಜಾರು ಇಳಿಯುವಾಗ ಕಾಣುತ್ತಿದ್ದದ್ದು ಚೀಲ ಒಂದೇ.

ಹುಡುಗಿ ಮಾತು ಉಳಿಸಿಕೊಂಡಳು. ಕೆಲವು ದಿನಗಳಲ್ಲೇ ಅಸ್ಮರಾದಿಂದ ಲೆತೆಬ್ರಹಾನ್ ನೇರವಾಗಿ ಸೆಬ್ಲೆಗೆ ಬರೆದಳು. ಗಿರ್ಮಾಯ್ ಬಂದಿದ್ದ, ಹೇಳಿದೆ, ತಲೆ ತಗ್ಗಿಸಿ ಕೇಳಿದ. ಆಮೇಲೆ ಒಂದೇ ಕೇಳಿದ: ಅಳುವಾಗ ಅವಳು ಏನೇನು ಅಂದಳು?

ಸೆಬ್ಲೆ ಇದನ್ನು ಹೇಳಿದಾಗ ಅಸ್ಕಾಲೆ ಹಿಟ್ಟು ಹುಯ್ಯುತ್ತಿದ್ದಳು.

“ಅದೆಲ್ಲ ನೆನಪಿರ್ತದಾ? ಅದು ಆ ಹೊತ್ತಿಗೆ ಬರೋದು. ಇನ್ನೊಂದ್ಸಲ ಬಾ ಅಂದ್ರೆ ಬರ್ತದಾ?”

“ನಂಗೆ ನೆನಪಿದೆ,” ಎಂದೆ ನಾನು. ಓದು ಬರಹ ನನಗೆ ಅಷ್ಟಕ್ಕಷ್ಟೇ. ಕಿವಿಗೆ ಬಿದ್ದದ್ದು ಮಾತ್ರ ಹೋಗುವುದಿಲ್ಲ. ಸೆಬ್ಲೆ ಕಾಗದ ತಂದಳು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಅಸ್ಕಾಲೆ ನಮಗೆ ಬೆನ್ನು ಹಾಕಿ ಕೂತಿದ್ದಳು. ಹೆಂಚಿನ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಮೂರನೇ ಸುತ್ತಿನ ಕಾಫಿ ಆಯಿತು, ಬೆರಳಿನ ಕಲೆ ಆಯಿತು.

“‘ಬುಟ್ಟಿ ಹೊತ್ತು ಹೋಗುವಾಗ ತಿರುಗಿ ನೋಡಲಿಲ್ಲ,’” ಎಂದೆ.

“ಎರಡು ಸಲ ಅಂದಿದ್ದೆ ಅದನ್ನ,” ಎಂದಳು ಅಸ್ಕಾಲೆ, ಬೆನ್ನು ತಿರುಗಿಸದೆ.

ಸೆಬ್ಲೆ ಎರಡನೇ ಸಲವೂ ಬರೆದಳು.

“‘ನಿನ್ನ ಕೋಟು ಮೊಳೆಯಲ್ಲೇ ನೇತಾಡುತ್ತಿದೆ…’”

“ಅದನ್ನ ತೆಗಿ. ಆ ಕೋಟನ್ನ ಎರಡನೇ ವರ್ಷವೇ ಹೋಟೆಲಿನ ಗೇಟು ಕಾಯೋನಿಗೆ ಕೊಟ್ಟುಬಿಟ್ಟೆನಲ್ಲ. ಸಿಟ್ಟು ಬಂದಿತ್ತು. ಸುಳ್ಳು ಬರೀಬೇಡಿ.”

“ಆದ್ರೆ ನೀನು ಅಂದಿದ್ದು ಹಾಗೇ.”

“ಅಳೋವಾಗ ಬಾಯಿಗೆ ಬಂದಿದ್ದೆಲ್ಲಾ ಅಂತಾರೆ.” ಮುಚ್ಚಳ ಮುಚ್ಚಿದಳು. “ಸರಿ, ಇರ್ಲಿ ಬಿಡು. ಬರಿ. ಇಲ್ಲೊಂದು ಕೋಟಿದೆ ಅಂತ ಅಂದ್ಕೊಳ್ಲಿ.”

ಸೆಬ್ಲೆ ಎಲ್ಲವನ್ನೂ ಕಳಿಸಿದಳು. ಆಮೇಲೆ ಒಂದೆರಡು ದಿನ ಅಸ್ಕಾಲೆ ಸೆಬ್ಲೆಯ ಲಾಡ್ಜಿಗೆ ಇಂಜೆರಾ ಕೊಡುವ ನೆವದಲ್ಲಿ ಎರಡು ಹೊತ್ತೂ ಹೋಗಿಬಂದಳು. ಆ ಲಾಡ್ಜಿನವರು ಇವಳಲ್ಲಿ ಇಂಜೆರಾ ಕೊಳ್ಳುತ್ತಲೇ ಇರಲಿಲ್ಲ. ಸಂಜೆ ಹೊತ್ತು ನಲ್ಲಿಯ ಹತ್ತಿರ ನಾವಾಗಿ ಕೇಳದಿದ್ದರೂ ಗಿರ್ಮಾಯ್ ಹೀಗಿದ್ದ, ಗಿರ್ಮಾಯ್ ಹಾಗಿದ್ದ ಎಂದು ಹೇಳತೊಡಗಿದಳು. ಕೊಡ ತುಂಬಿ ಹರಿದರೂ ಗಮನವಿಲ್ಲ. ಮುಲುವರ್ಕ್ ಸುಮ್ಮನೆ ತಾನೇ ಬಾಗಿ ನಲ್ಲಿ ನಿಲ್ಲಿಸುತ್ತಿದ್ದಳು.

ಉತ್ತರ ಬಂದ ದಿನ ಸೆಬ್ಲೆ ಮಧ್ಯಾಹ್ನವೇ ಕೆಲಸ ಬಿಟ್ಟು ಓಡಿಬಂದಳು. ಅಸ್ಕಾಲೆ ಬಾಗಿಲಲ್ಲಿ ಮರ ಹಿಡಿದು ತೆಫ್ ಕೇರುತ್ತಿದ್ದಳು. ನಾನು ಪಕ್ಕದಲ್ಲಿದ್ದೆ.

“ಎತಿಯೆ, ಲೆತೆಬ್ರಹಾನ್ ಓದಿ ಹೇಳಿದ್ಳಂತೆ. ಅವರು ಪೂರ್ತಿ ಕೇಳಿದ್ರಂತೆ. ಇನ್ನೊಂದ್ಸಲ ಓದು ಅಂದ್ರಂತೆ. ಅದು ಮುಗಿದ್ಮೇಲೆ ಮತ್ತೊಂದ್ಸಲ ಓದಿಸಿದ್ರಂತೆ. ಎದ್ದು ಹೋಗೋವಾಗ, ನಾಳೆನೂ ಬರ್ತೀನಿ ಅಂದ್ರಂತೆ.”

“ನಾಳೆನೂ ಬರ್ತಾನಂತಾ?”

“ಹೌದು, ಕೇಳೋಕೆ.”

ಅಸ್ಕಾಲೆ ಕೇರಿ ಮುಗಿದಿದ್ದ ತೆಫ್ ಕಾಳನ್ನೇ ಮತ್ತೆ ಮರಕ್ಕೆ ಸುರಿದುಕೊಂಡಳು.

“ಕೆಲ್ಸ ಬೊಗ್ಸೆ ಇಲ್ವಂತಾ ಅವನಿಗೆ?” ಎಂದಳು.